ಕಾಯುವ ಪಟ್ಟಿಯ ಮೊದಲ ಹೆಸರು

ಮನೆಯಿಂದ,
ಹದಿನಾರನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಸೊಂಟ ಹೇಗಿದೆ? ಮೊದಲು ಅದನ್ನು ಬರೆ. ಹೋದ ಸಲದ ಕಾಗದದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಮಾತು ಬರೆದು ಕೈತೊಳೆದುಕೊಂಡಿದ್ದೀಯೆ. ಜ್ವರ ನೆತ್ತಿಗೇರಿದಾಗಲೂ ಅದನ್ನೇ ಅನ್ನುವವಳು ನೀನು, ನನಗೆ ಗೊತ್ತಿಲ್ಲವೇ? ನೀನು ಕೆಲಸಕ್ಕಿರುವ ಮನೆಯ ಆ ಅಜ್ಜಿಯನ್ನು ಹಾಸಿಗೆಯಿಂದ ಎತ್ತಿ ಕೂರಿಸುವಾಗ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ನಾನು ದಿನಾ ಸೋಫಾ ಎತ್ತಿ ಇಳಿಸುವವಳು, ಭಾರ ಎತ್ತುವ ವಿದ್ಯೆಯನ್ನು ನನ್ನಿಂದ ಕಲಿ. ಈ ಕಾಗದದ ಜೊತೆ ನೋವಿನ ಎಣ್ಣೆ ಒಂದು ಸೀಸೆ ಕಳಿಸುತ್ತಿದ್ದೇನೆ. ಅಯ್ಯೋ ಪಾಪ ಅಂತ ಅದನ್ನೂ ಅಜ್ಜಿಗೇ ಹಚ್ಚಿ ಖಾಲಿ ಮಾಡಬೇಡ, ಅವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ನಾಲ್ಕು ಜನ ಇದ್ದಾರೆ, ತಂದುಕೊಡಲಿ. ನಾನು ಚೆನ್ನಾಗಿದ್ದೇನೆ. ನಿನ್ನ ಮಗಳು ಚೂಟಿಯೂ ಚೆನ್ನಾಗಿದ್ದಾಳೆ, ತೂಕ ಕೂಡ ಸ್ವಲ್ಪ ಏರಿದೆ. ಅದೇ ಜೆರಾಕ್ಸ್ ಅಂಗಡಿ, ಅದೇ ಮಾಲೀಕನ ಸಿಡಿಮಿಡಿ. ಈಗ ಹೊದಿಕೆಗಳನ್ನು ಒಗೆಯಲು ನಲ್ಲಿಯ ಹತ್ತಿರ ಹೋಗಿದ್ದಾಳೆ, ಅವಳು ವಾಪಸು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯೆ, ನಾನು ರೇಗುತ್ತೇನೆ, ಅಷ್ಟರಲ್ಲಿ ಆ ಕಡೆ ಅಜ್ಜಿ ಗಂಟೆ ಬಾರಿಸುತ್ತಾರೆ. ಇದು ಅರ್ಧಕ್ಕೆ ಬಿಡುವ ಮಾತಲ್ಲ. ನಿನ್ನ ಮಗಳ ವಿಷಯದಲ್ಲಿ ನಿನ್ನೆ ನಾನೊಂದು ಕೆಲಸ ಮಾಡಿದ್ದೇನೆ, ಅದು ಸರಿಯೋ ತಪ್ಪೋ ನೀನು ಪೂರ್ತಿ ಓದಿದ ಮೇಲೆ ಹೇಳು. ಓದುವ ಮುಂಚೆಯೇ ಎದೆ ಹಿಡಿದುಕೊಳ್ಳಬೇಡ, ಯಾರಿಗೂ ಏನೂ ಆಗಿಲ್ಲ.

ನಾನು ಕುಶನ್ ಕೆಲಸ ಕಲಿಸಲು ಹೋಗುತ್ತಿರುವ ತರಬೇತಿ ಕೇಂದ್ರದ ಬಗ್ಗೆ ಅಷ್ಟಿಷ್ಟು ಬರೆದಿದ್ದೆ. ಅದೊಂದು ಹಳೆಯ ಸೋಪಿನ ಕಾರ್ಖಾನೆಯ ಗೋದಾಮು, ಇವತ್ತಿಗೂ ನೆಲ ಒರೆಸಿದರೆ ನೊರೆ ಏಳುತ್ತದೆ, ಸುಳ್ಳಲ್ಲ. ಕಲಿಯುವವರು ಇಪ್ಪತ್ತು ಜನ. ಹತ್ತು ಜನ ಗಡಿಯಾಚೆಯಿಂದ ಮನೆಮಠ ಬಿಟ್ಟು ಓಡಿ ಬಂದ ನಿರಾಶ್ರಿತರ ಮಕ್ಕಳು, ಹತ್ತು ಜನ ನಮ್ಮವರು. ಹಾಜರಿ ಪುಸ್ತಕದಲ್ಲಿ ಏನೇ ಬರೆದಿರಲಿ, ಬಾಯಲ್ಲಿ ಎಲ್ಲರೂ ‘ಬಂದವರು’, ‘ಇದ್ದವರು’ ಅಂತಲೇ ಅನ್ನುವುದು. ಆರು ತಿಂಗಳು ಕಲಿಯಬೇಕು, ಕಲಿಯುವಷ್ಟು ದಿನವೂ ತಿಂಗಳಿಗಿಷ್ಟು ಅಂತ ಕೈಗೆ ದುಡ್ಡು ಕೊಡುತ್ತಾರೆ, ಪರೀಕ್ಷೆ ಪಾಸಾದರೆ ಸೋಫಾ ಮಾಡುವ ಕಂಪನಿಯೊಂದು ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಕಲಿಯುವವರಿಗೇ ದುಡ್ಡು ಅಂದಾಗ ನಾನೂ ನಕ್ಕಿದ್ದೆ. ಅಪ್ಪ ನನಗೆ ಈ ಕೆಲಸ ಕಲಿಸುವಾಗ ಕೊಟ್ಟದ್ದು ತಲೆಗೆ ಮೊಟಕು ಮಾತ್ರ, ಅದೂ ಧಾರಾಳವಾಗಿ. ಆಮೇಲೆ ತಿಳಿಯಿತು. ದಿನಗೂಲಿಯಿಂದ ಒಲೆ ಹಚ್ಚುವ ಮನೆಯವರು ದುಡಿಯುವ ಒಂದು ಜೀವವನ್ನು ಆರು ತಿಂಗಳು ಸುಮ್ಮನೆ ಬಿಟ್ಟುಕೊಡಲಾರರು. ಆ ದುಡ್ಡು ಇದ್ದದ್ದಕ್ಕೇ ಇಷ್ಟು ಜನ ಬಂದದ್ದು.

ಮೊದಲ ದಿನ ನೀನು ನೋಡಬೇಕಿತ್ತು. ಬಂದವರು ಕಿಟಕಿ ಕಡೆಯ ಗೋಡೆಗೆ ಅಂಟಿಕೊಂಡರು, ಇದ್ದವರು ಬಾಗಿಲ ಹತ್ತಿರ ಗುಂಪು ಕಟ್ಟಿದರು. ನಡುವೆ ನಾನು, ಮುರಿದುಬಿದ್ದ ಮದುವೆಮನೆಯ ಅಡುಗೆಯವಳ ಹಾಗೆ. ಹಾಲಿನ ಅಂಗಡಿಯವರ ಸೊಸೆ ಗೊತ್ತಲ್ಲ, ಬಾಯಿ ತುಸು ಜೋರು, ಅವಳೂ ಸೇರಿದ್ದಾಳೆ. ‘ಅರ್ಧ ಜಾಗ ಅವರಿಗೆ ಕೊಟ್ಟಾಯ್ತು, ಇನ್ನು ಮೈಗೆ ಮೈ ತಾಗಿಸ್ಕೊಂಡೂ ಕೂರ್ಬೇಕಾ’ ಅಂತ ನನ್ನ ಕಿವಿಗೆ ಬೀಳುವ ಹಾಗೆಯೇ ಗೊಣಗಿದಳು. ನಾನು ಒಬ್ಬರು ಬಂದವರು, ಒಬ್ಬರು ಇದ್ದವರು ಅಂತ ಜೋಡಿ ಮಾಡಿ ಸ್ಪ್ರಿಂಗ್ ಕಟ್ಟಲು ಕೂರಿಸಿದೆ. ಕುರ್ಚಿಯ ಸ್ಪ್ರಿಂಗ್ ಕಟ್ಟುವುದು ಕಲಿಯುವವರಿಗೆ ಒಂಟಿಯಾಗಿ ಆಗುವ ಕೆಲಸವಲ್ಲ. ಒಬ್ಬರು ಎರಡೂ ಕೈಯಿಂದ ಅದುಮಿ ಹಿಡಿಯಬೇಕು, ಯಾರ ಸೀಟೋ ಅವರು ಹುರಿ ಎಳೆದು ಗಂಟು ಹಾಕಬೇಕು. ಹಿಡಿದವರು ಚೂರು ಮೈಮರೆತರೆ ಸ್ಪ್ರಿಂಗ್ ನೆಗೆದು ಕಟ್ಟುವವರ ಗಲ್ಲಕ್ಕೆ ಬಡಿಯುತ್ತದೆ. ಮೂರನೆಯ ದಿನದ ಹೊತ್ತಿಗೆ ಗೋದಾಮಿನಲ್ಲಿ ‘ಹಿಡ್ಕೊಳೇ’, ‘ಬಿಡ್ಬೇಡ್ವೋ ಮಾರಾಯ’ ಅನ್ನುವುದಷ್ಟೇ ಕೇಳುತ್ತಿತ್ತು. ಒಂದು ವಾರದಲ್ಲಿ ಊಟದ ಡಬ್ಬಿಗಳೂ ಅದಲುಬದಲಾದವು.

ಈಗ ನಮ್ಮ ಚೂಟಿಯ ವಿಷಯ. ಅವಳೂ ಅರ್ಜಿ ಹಾಕಿದ್ದಳು ಅಕ್ಕಾ. ‘ಸಿಕ್ಕಿದ ಮೇಲೆ ಹೇಳೋಣ ಚಿಕ್ಕಮ್ಮಾ, ಅಮ್ಮನಿಗೆ ಸುಮ್ನೆ ಆಸೆ ಹುಟ್ಟಿಸೋದು ಬೇಡ’ ಅಂತ ನನ್ನ ಬಾಯಿಗೆ ಬೀಗ ಹಾಕಿಸಿದ್ದಳು. ಅರ್ಜಿ ಹಾಕಿದವರು ಇನ್ನೂರಕ್ಕೂ ಮೇಲೆ. ಮನೆಗೊಬ್ಬರು ಮಾತ್ರ ಅನ್ನುವುದು ನಿಯಮ, ಆಯ್ಕೆಗೆ ಚೀಟಿ ಎತ್ತುವುದು. ಅವಳ ಹೆಸರು ಇಪ್ಪತ್ತೊಂದನೆಯದಾಗಿ ಬಂತು, ಅಂದರೆ ಕಾಯುವ ಪಟ್ಟಿಯಲ್ಲಿ ಮೊದಲನೆಯದು. ಶುರುವಾದ ಎರಡು ತಿಂಗಳೊಳಗೆ ಯಾರಾದರೂ ಬಿಟ್ಟುಹೋದರೆ, ಇಲ್ಲವೇ ಏನಾದರೂ ತಪ್ಪು ಮಾಡಿ ಹೆಸರು ಹೊಡೆಸಿಕೊಂಡರೆ, ಬಂದವರದಾಗಲಿ ಇದ್ದವರದಾಗಲಿ, ಆ ಜಾಗ ಸೀದಾ ಅವಳಿಗೆ. ಎರಡು ತಿಂಗಳು ದಾಟಿದರೆ ಪಟ್ಟಿಯೇ ರದ್ದು. ಮುಂದಿನ ವರ್ಷ ಇನ್ನೊಂದು ತಂಡ ಬಂದರೂ ಬರಬಹುದು, ಆದರೆ ಅಷ್ಟು ಹೊತ್ತಿಗೆ ಚೂಟಿಗೆ ವಯಸ್ಸು ಮೀರಿರುತ್ತದೆ. ಇಪ್ಪತ್ತೈದು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ.

ಮೊದಲ ವಾರ ಪೂರ್ತಿ ನನ್ನ ಊಟದ ಡಬ್ಬಿ ತರುವ ನೆಪದಲ್ಲಿ ಗೇಟಿನ ತನಕ ಬರುತ್ತಿದ್ದಳು. ನಾನು ಬೇಕೆಂದೇ ಡಬ್ಬಿ ಮರೆತು ಹೋಗುತ್ತಿದ್ದೆ ಅನ್ನು. ‘ಎಲ್ಲಾರೂ ಬಂದಿದ್ದಾರಾ? ಯಾರಿಗೂ ಜ್ವರಗಿರ ಇಲ್ವಾ?’ ಅಂತ ಕೇಳಿ, ಕೇಳಿದ್ದಕ್ಕೆ ತಾನೇ ನಾಚಿಕೊಂಡು ನಾಲಿಗೆ ಕಚ್ಚುತ್ತಿದ್ದಳು. ಯಾರಿಗೂ ಕೆಟ್ಟದ್ದು ಬಯಸುವ ಹುಡುಗಿಯಲ್ಲ ಅದು. ಇಪ್ಪತ್ತು ಜನರಲ್ಲಿ ಒಬ್ಬರಿಗಾದರೂ ಈ ಕೆಲಸ ಬೇಸರ ಬಂದೀತೇನೋ ಅಂತ ಅಷ್ಟೇ ಆಸೆ. ಸಾಯಂಕಾಲ ನನ್ನ ಕೈಯಿಂದ ದಬ್ಬಣ ಕಿತ್ತುಕೊಂಡು ಹಳೆ ದಿಂಬಿನ ಮೇಲೆ ಹೊಲಿಗೆ ಹಾಕುತ್ತಾ ಒಂದು ದಿನ ಹೇಳಿದಳು, ‘ಕಂಪನಿ ಕೆಲಸ ಸಿಕ್ಕಿದ ಮೊದಲನೇ ತಿಂಗಳೇ ಅಮ್ಮನ್ನ ಕರ್ಕೊಂಡು ಬಂದ್ಬಿಡ್ತೀನಿ. ಬೇರೆಯವರ ಅಜ್ಜೀನ ಎತ್ತಿದ್ದು ಸಾಕು.’ ಆ ಮಾತು ಕೇಳಿ ನನ್ನ ಕಣ್ಣು ತುಂಬಿತು. ದೂಳು ಬಿತ್ತು ಅಂತ ಬಚ್ಚಲಿಗೆ ಎದ್ದು ಹೋದೆ.

ಬಂದವರಲ್ಲಿ ಒಬ್ಬ ಹುಡುಗಿ ಇದ್ದಾಳೆ, ಹಾಲಿನ ಅಂಗಡಿ ಸೊಸೆಯ ಜೋಡಿ. ಮಾತು ಕಡಿಮೆ. ನಾರಿನ ದೂಳಿಗೆ ಎಲ್ಲರಂತೆ ತಲೆಗೆ ಬಟ್ಟೆ, ಮೂಗಿಗೆ ಮಾಸ್ಕು, ಮೈಮೇಲೆ ಕೇಂದ್ರದವರು ಕೊಟ್ಟ ನೀಲಿ ಕೋಟು, ಕಾಣುವುದು ಎರಡು ಕಣ್ಣು ಮಾತ್ರ. ಈ ಹುಡುಗಿಯ ತಲೆಬುಡ ನನಗೆ ಎರಡು ತಿಂಗಳಿಂದ ಅರ್ಥವಾಗಿರಲಿಲ್ಲ. ಒಂದು ದಿನ ಹುರಿ ಎಳೆದರೆ ನನಗೇ ಅಸೂಯೆ ಬರಬೇಕು, ಮಾರನೆಯ ದಿನ ನೋಡಿದರೆ ಈಗ ತಾನೇ ದಬ್ಬಣ ಕಂಡವಳ ಹಾಗೆ ತಡವರಿಸುತ್ತಾಳೆ. ಬೈದರೆ ಅಲ್ಲಾಡುವುದಿಲ್ಲ, ‘ಹೌದು ಮಾಸ್ಟರಮ್ಮಾ, ನಿನ್ನೆ ಹೇಳಿದ್ರಿ’ ಅನ್ನುತ್ತಾಳೆ. ಹೇಳಿದ್ದು ಎಲ್ಲಾ ಗೊತ್ತು, ಕೈ ಮಾತ್ರ ಒಂದು ದಿನ ಉಂಟು, ಒಂದು ದಿನ ಇಲ್ಲ. ಮನೆಯಲ್ಲಿ ದಿನ ಬಿಟ್ಟು ದಿನ ಊಟವೋ ಏನೋ ಅಂತ ನಾನು ನನ್ನ ಡಬ್ಬಿಯಿಂದ ಅವಳಿಗೆ ತೆಗೆದಿಡಲು ಶುರು ಮಾಡಿದೆ. ಎಂಥ ಬೆಪ್ಪು ನಾನು!

ಹೋದ ಗುರುವಾರ ಅವಳ ಮೊದಲ ಸೀಟು ಮುಗಿಯಿತು. ನಾಲ್ಕು ಸಾಲು ಸ್ಪ್ರಿಂಗು, ದಿನಕ್ಕೊಂದು ಸಾಲಿನಂತೆ ಸೋಮವಾರದಿಂದ ಗುರುವಾರದ ತನಕ ಕಟ್ಟಿದ್ದಳು. ಸೀಟು ಪರೀಕ್ಷೆ ಮಾಡುವ ನನ್ನ ಕ್ರಮ ನಿನಗೆ ಗೊತ್ತು, ಕಣ್ಣು ಮುಚ್ಚಿ, ಕೈ ತೊಡೆಯ ಮೇಲಿಟ್ಟು, ಪೂರ್ತಿ ಭಾರ ಬಿಟ್ಟು ಕೂರುವುದು. ಕಣ್ಣಿಗೆ ಮೋಸ ಮಾಡಬಹುದು, ಕುಂಡಿಗೆ ಮೋಸ ಮಾಡಲಾಗುವುದಿಲ್ಲ ಅಂತ ಮೊದಲ ದಿನವೇ ಹೇಳಿ ಎಲ್ಲರನ್ನೂ ನಗಿಸಿದ್ದೆ. ಕೂತೆ. ಮೊದಲ ಸಾಲು ಗಟ್ಟಿ. ಎರಡನೆಯದು ಮೆತ್ತಗೆ. ಮೂರು ಗಟ್ಟಿ. ನಾಲ್ಕು ಮೆತ್ತಗೆ. ಎದ್ದು ಮತ್ತೆ ಕೂತೆ, ಅದೇ. ಕಲಿಯುವವರ ಕೈ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಇರಬಹುದು ಅಕ್ಕಾ, ಆದರೆ ಗಂಟು ಹಾಕುವ ರೀತಿ ಬದಲಾಗುವುದಿಲ್ಲ, ಅದು ನಡಿಗೆಯ ಹಾಗೆ. ಗೋಣಿ ಬಟ್ಟೆ ಎತ್ತಿ ನೋಡಿದೆ. ಸೋಮವಾರ, ಬುಧವಾರದ ಗಂಟು ಒಬ್ಬಳದು, ಮಂಗಳವಾರ, ಗುರುವಾರದ್ದು ಬೇರೆಯವಳದು. ಎದುರಿಗೆ ನಿಂತವಳ ಎರಡು ಕಣ್ಣು ನೋಡಿದೆ, ಅವೂ ನನ್ನನ್ನೇ ನೋಡುತ್ತಿದ್ದವು. ‘ಚೆನ್ನಾಗಿದೆ, ಹೋಗು’ ಅಂದೆ.

ಅವತ್ತು ಕೆಲಸ ಬಿಟ್ಟ ಮೇಲೆ, ಅವಳು ಕತ್ತರಿ ಮರೆತು ಹೋಗಿದ್ದಾಳೆ ಅನ್ನುವ ನೆಪ ಮಾಡಿಕೊಂಡು ಅವರಿರುವಲ್ಲಿಗೆ ಹೋದೆ. ಮುಚ್ಚಿಹೋದ ಆ ಸಿನಿಮಾ ಮಂದಿರದಲ್ಲಿ ಅವರಿಗೆಲ್ಲ ಜಾಗ ಕೊಟ್ಟಿದ್ದಾರೆ. ಒಳಗೆ ಸೀರೆ, ಹೊದಿಕೆ ಕಟ್ಟಿ ಮನೆ ಮನೆ ಮಾಡಿಕೊಂಡಿದ್ದಾರೆ, ಇವರ ಪಾಲಿಗೆ ಬಂದದ್ದು ಟಿಕೆಟ್ ಕೊಡುವ ಕೋಣೆ. ಕೈ ತೂರಿಸುವ ಆ ಅರೆವೃತ್ತದ ಕಿಂಡಿಯ ಮುಂದೆ ಅವರ ಅಮ್ಮ ಕೂತು ಅಕ್ಕಿ ಆರಿಸುತ್ತಿದ್ದರು, ಕಣ್ಣು ಮಂಜಾಗಿದೆ, ಬೆರಳಿಂದಲೇ ಕಲ್ಲು ಹುಡುಕುತ್ತಿದ್ದರು. ಕಿಂಡಿಯಿಂದ ಬಗ್ಗಿ ನೋಡಿದೆ. ಒಳಗೆ ಇಬ್ಬರು! ಒಂದು ವರ್ಷ ಅಂತರದ ಅಕ್ಕತಂಗಿ, ಅದೇ ಎತ್ತರ, ಅವೇ ಕಣ್ಣು, ಮೊಳೆಗೆ ನೇತುಹಾಕಿದ ಒಂದೇ ನೀಲಿ ಕೋಟು. ಮಂಚವನ್ನು ತಲೆಕೆಳಗು ಮಾಡಿ, ಯಾವುದೋ ಹಳೆ ಸೈಕಲ್ ಸೀಟಿನ ಸ್ಪ್ರಿಂಗು ಇಟ್ಟುಕೊಂಡು, ಅಕ್ಕ ಅದುಮಿ ಹಿಡಿದಿದ್ದಾಳೆ, ತಂಗಿ ಹುರಿ ಎಳೆಯುತ್ತಿದ್ದಾಳೆ. ‘ಹುರಿ ಎಳೀತಿದ್ದೀಯೋ, ತಲೆ ಸವರ್ತಿದ್ದೀಯೋ? ಕೂತವರು ಬಿದ್ರೆ ನಿನ್ನ ಹೆಸರು ಹೇಳ್ತಾರಾ? ನನ್ನ ಹೆಸರು ಹೇಳ್ತಾರೆ!’ ಅಂತ ಅಕ್ಕ ಗದರಿಸುತ್ತಿದ್ದಾಳೆ. ಬುಧವಾರ ಹಾಲಿನ ಅಂಗಡಿ ಸೊಸೆಗೆ ನಾನು ಬೈದ ಮಾತು ಅಕ್ಕಾ, ಒಂದಕ್ಷರ ಬಿಡದೆ, ನನ್ನದೇ ಧ್ವನಿಯಲ್ಲಿ! ನಗು ಬರಬೇಕೋ ಸಿಟ್ಟು ಬರಬೇಕೋ ತಿಳಿಯದೆ ಕತ್ತರಿ ಹಿಡಿದುಕೊಂಡು ನಿಂತೇ ಇದ್ದೆ.

ನನ್ನನ್ನು ಕಂಡು ಇಬ್ಬರಿಗೂ ಗರ ಬಡಿದಂತಾಯಿತು. ಕೂರಲು ಮಂಚ ನೆಟ್ಟಗೆ ಮಾಡಿದರು, ನೀರು ಕೊಟ್ಟರು. ನಾನು ಮುಖ ಗಂಟು ಹಾಕಿಕೊಂಡೇ ಕೇಳಿದೆ, ಇದು ಮೋಸ ಅಲ್ಲವೇನ್ರೇ ಅಂತ. ದೊಡ್ಡವಳು, ಅವಳನ್ನು ನಾನು ಮನಸ್ಸಿನಲ್ಲಿ ಸೋಮವಾರದವಳು ಅನ್ನುತ್ತೇನೆ, ಪ್ರಾಮಾಣಿಕವಾಗಿ ಹೇಳಿದಳು, ‘ಮನೆಗೊಬ್ಬರು ಅಂದ್ರಲ್ಲ ಮಾಸ್ಟರಮ್ಮಾ, ಅದಕ್ಕೇ ಒಬ್ಬೊಬ್ರೇ ಬಂದಿದ್ದು. ಇಬ್ರೂ ಒಟ್ಟಿಗೆ ಒಂದು ದಿನಾನೂ ಬಂದಿಲ್ಲ.’ ಆಮೇಲೆ ವಿಚಾರಿಸಿದರೆ ತಿಳಿಯಿತು. ಏಳು ವರ್ಷದಿಂದ ಅವರ ಬದುಕೇ ಹಾಗೆ. ಮನೆಗೊಂದು ಕಾರ್ಡು, ಅಕ್ಕಿಗಾಗಲಿ ಔಷಧಿಗಾಗಲಿ ಹೊದಿಕೆಗಾಗಲಿ ಕೂಗುವುದು ಅಮ್ಮನ ಹೆಸರು, ಸಾಲಿನಲ್ಲಿ ಯಾರಿಗೆ ಬಿಡುವೋ ಅವರು ನಿಂತು ‘ಇದ್ದೀನಿ’ ಅನ್ನುವುದು. ಹೆಸರು ಒಬ್ಬರದು ಅನ್ನುವುದೇ ಅವರಿಗೆ ಮರೆತುಹೋಗಿದೆ, ಹೆಸರು ಅಂದರೆ ಮನೆಯದು. ಒಬ್ಬಳು ಇಲ್ಲಿಗೆ ಬಂದ ದಿನ ಇನ್ನೊಬ್ಬಳು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ, ಅಲ್ಲಿಯೂ ಮಾಲೀಕನ ಲೆಕ್ಕಕ್ಕೆ ಒಬ್ಬಳೇ. ಸರ್ಟಿಫಿಕೇಟು ಒಬ್ಬಳ ಹೆಸರಿಗೆ ಮಾತ್ರ ಬರುತ್ತದಲ್ಲೇ, ಆಗ ಏನು ಮಾಡುತ್ತೀರಿ ಅಂದೆ. ಮಂಗಳವಾರದವಳು ಒಮ್ಮೆ ಅಕ್ಕನ ಮುಖ ನೋಡಿ, ‘ಆವತ್ತು ಕೆಲಸಕ್ಕೆ ಯಾರು ಹೋಗ್ತೀವೋ ಅವರು ತಗೊಂಡು ಹೋಗ್ತೀವಿ’ ಅಂದಳು, ಮನೆಗೊಂದು ಛತ್ರಿ ಇದ್ದ ಹಾಗೆ! ಇದನ್ನೆಲ್ಲ ಆಫೀಸಿಗೆ ತಿಳಿಸಿದರೆ ಹೆಸರು ಹೊಡೆದುಹಾಕುತ್ತಾರೆ ಅಂತ ವಿವರಿಸಿದ ಮೇಲೆಯೇ ಅವರ ಮುಖದ ಬಣ್ಣ ಹೋದದ್ದು. ಅವರ ಅಮ್ಮ ಅಕ್ಕಿಯ ಮೊರ ಪಕ್ಕಕ್ಕಿಟ್ಟು, ನನ್ನ ಕೈ ಎಲ್ಲಿದೆ ಅಂತ ತಡಕಾಡಿ ಹಿಡಿದುಕೊಂಡರು.

ನಿನ್ನ ಹತ್ತಿರ ಮುಚ್ಚಿಡುವುದೇನು ಅಕ್ಕಾ, ಅಲ್ಲಿಂದ ಹೊರಟು ರಸ್ತೆಗೆ ಬಂದಾಗ ನನಗೆ ಮೊದಲು ಆದದ್ದು ಸಂತೋಷ. ಚೂಟಿಗೆ ಜಾಗ ಸಿಕ್ಕಿತು ಅಂತ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಮಾಡಬೇಕಾದ್ದು ಒಂದೇ, ಕಂಡ ಸತ್ಯವನ್ನು ಹೇಳುವುದು. ಸುಳ್ಳಲ್ಲ, ಚಾಡಿಯಲ್ಲ, ನನ್ನ ಕೆಲಸವೇ ಅದು. ಎರಡು ತಿಂಗಳು ತುಂಬಲು ಇನ್ನೂ ಎರಡು ದಿನ ಇದೆ, ನಿಯಮದ ಪ್ರಕಾರವೇ ನಮ್ಮ ಹುಡುಗಿ ಸೋಮವಾರ ನೀಲಿ ಕೋಟು ಹಾಕುತ್ತಾಳೆ. ಹೀಗೆಲ್ಲ ಅಂದುಕೊಳ್ಳುತ್ತಾ ಮನೆಗೆ ಬಂದೆ. ಚೂಟಿ ಬಾಗಿಲು ತೆಗೆದು ‘ಯಾಕೆ ಚಿಕ್ಕಮ್ಮಾ, ಮುಖ ಹೀಗಿದೆ’ ಅಂದಳು. ಬಿಸಿಲು ಅಂದೆ. ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು.

ಶುಕ್ರವಾರ ಸೋಮವಾರದವಳು ಬಂದಳು, ಕಣ್ಣು ಊದಿತ್ತು. ಊಟದ ಹೊತ್ತಿನಲ್ಲಿ ಹಾಲಿನ ಅಂಗಡಿ ಸೊಸೆ ನನ್ನನ್ನು ರೆಕ್ಸಿನ್ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋದಳು. ‘ಎರಡನೇ ವಾರದಿಂದಲೇ ಗೊತ್ತು ಮಾಸ್ಟರಮ್ಮಾ. ಒಬ್ಬಳ ಕೈ ಬಿಸಿ, ಇನ್ನೊಬ್ಬಳದು ಯಾವಾಗ್ಲೂ ತಣ್ಣಗಿರುತ್ತೆ, ಗೊತ್ತಾಗಲ್ವಾ? ಹೇಳ್ಬೇಡಿ. ಒಬ್ಬಳನ್ನ ತೆಗೆದ್ರೆ ಇಬ್ರೂ ಹೋಗ್ತಾರೆ’ ಅಂದಳು. ಮೊದಲ ದಿನ ಮೈ ತಾಗಿಸಿಕೊಂಡು ಕೂರುವುದಕ್ಕೆ ಮೂಗು ಮುರಿದವಳು! ಇಷ್ಟು ಹೇಳಿದ ಮೇಲೆ ಅವಳಿಗೆ ಏನೋ ನೆನಪಾಯಿತು. ‘ಅಯ್ಯೋ, ಕಾಯೋ ಪಟ್ಟೀಲಿರೋದು ನಿಮ್ಮ ಹುಡುಗಿ ಅಲ್ವಾ’ ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ದಿನವಿಡೀ ನನ್ನ ಕಣ್ಣು ತಪ್ಪಿಸಿಕೊಂಡು ಓಡಾಡಿದಳು.

ನಿನ್ನೆ ಶನಿವಾರ, ಕೊನೆಯ ದಿನ. ಬೆಳಿಗ್ಗೆ ಚೂಟಿ ತಲೆಗೆ ನೀರು ಹಾಕಿಕೊಂಡು, ಆ ಹಸಿರು ಚೂಡಿದಾರವನ್ನು ಇಸ್ತ್ರಿ ಮಾಡಿ ತೊಟ್ಟುಕೊಂಡಳು. ‘ಇವತ್ತೇ ಕೊನೆ ಅಲ್ವಾ ಚಿಕ್ಕಮ್ಮಾ. ಫೋನ್ ಫುಲ್ ಚಾರ್ಜ್ ಮಾಡಿದ್ದೀನಿ, ಕರೆದ್ರೆ ಓಡಿ ಬರ್ತೀನಿ’ ಅಂತ ನಗುತ್ತಾ ಹೇಳಿದಳು. ತಮಾಷೆಗೆ ಹೇಳಿದ ಹಾಗಿತ್ತು, ಆದರೆ ಇಸ್ತ್ರಿ ತಮಾಷೆಗೆ ಮಾಡಿರಲಿಲ್ಲ. ನಾನು ನಾಲ್ಕು ಗಂಟೆಗೆ ಹಾಜರಿ ಪುಸ್ತಕ ಹಿಡಿದುಕೊಂಡು ಮೇಲಿನ ಆಫೀಸಿಗೆ ಹೋದೆ. ಆಫೀಸಿನ ಮೇಡಂ ಒಳ್ಳೆಯ ಹೆಂಗಸು, ಆದರೆ ನಿಯಮದಿಂದ ಅವರನ್ನು ಕದಲಿಸಲು ಆಗುವುದಿಲ್ಲ, ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕಲ್ಲ. ಪುಸ್ತಕ ತಿರುವಿ, ಪೆನ್ನು ತೆರೆದು ಕೇಳಿದರು, ‘ಬಿಟ್ಟವರು ಯಾರಾದ್ರೂ ಇದ್ದಾರಾ? ಏನಾದ್ರೂ ದೂರು? ಇವತ್ತು ಬಿಟ್ರೆ ಪಟ್ಟಿ ಮುಚ್ಚಿಬಿಡ್ತೀನಿ, ನೋಡಿ.’ ಹೇಳಬೇಕಾದ ಮಾತು ಗಂಟಲ ತನಕ ಬಂದಿತ್ತು. ಅದೇ ಹೊತ್ತಿಗೆ ನನಗೊಂದು ವಿಷಯ ಹೊಳೆಯಿತು. ಪಟ್ಟಿಯ ಮೊದಲ ಹೆಸರು ಬೇರೆ ಯಾರದಾದರೂ ಆಗಿದ್ದರೆ ನಾನು ಆ ಗೋಣಿ ಬಟ್ಟೆ ಮುಚ್ಚಿ ಸುಮ್ಮನಿರುತ್ತಿದ್ದೆ. ಖಂಡಿತ ಸುಮ್ಮನಿರುತ್ತಿದ್ದೆ ಅಕ್ಕಾ. ನಮ್ಮ ಹುಡುಗಿಯ ಹೆಸರಿದೆ ಅಂತಲೇ ನನಗೆ ನಿಯಮ ಇಷ್ಟೊಂದು ನೆನಪಾದದ್ದು. ‘ಯಾರೂ ಬಿಟ್ಟಿಲ್ಲ ಮೇಡಂ, ಎಲ್ಲಾರೂ ಇದ್ದಾರೆ’ ಅಂದೆ. ಅವರು ಗೆರೆ ಎಳೆದರು, ನಾನು ಸಹಿ ಹಾಕಿದೆ.

ಮನೆಗೆ ಬಂದರೆ ಚೂಟಿ ಅದೇ ಹಸಿರು ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ‘ಯಾರೂ ಬಿಡ್ಲಿಲ್ವಾ?’ ಅಂದಳು. ಇಲ್ಲ ಅಂದೆ. ‘ಒಳ್ಳೇದೇ ಆಯ್ತು ಬಿಡು, ಯಾರ ಜಾಗಾನೂ ಹೋಗ್ಲಿಲ್ಲ’ ಅಂತ ಒಳಗೆ ಹೋಗಿ ಬಟ್ಟೆ ಬದಲಾಯಿಸಿ ಒಲೆ ಹಚ್ಚಿದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಹೀಗೆ ನಿನ್ನ ಮಗಳ ಕೈಗೆ ಬಂದಿದ್ದ ಜಾಗವನ್ನು ನಾನೇ ತಪ್ಪಿಸಿದ್ದೇನೆ, ಅದರ ಜೊತೆ ನೀನು ವಾಪಸು ಬರುವ ದಿನವನ್ನೂ ದೂರ ತಳ್ಳಿದ್ದೇನೆ. ಅವಳಿಗೆ ತಲೆ ಮೇಲೆ ಸೂರಿದೆ, ಜೆರಾಕ್ಸ್ ಅಂಗಡಿಯಿದೆ, ಕೆಲಸ ಕಲಿಸಲು ನಾನಿದ್ದೇನೆ, ಆ ಹುಡುಗಿಯರಿಗೆ ಟಿಕೆಟ್ ಕೋಣೆ ಬಿಟ್ಟರೆ ಇನ್ನೇನಿದೆ ಅಂತ ನಿನ್ನೆಯಿಂದ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ಕಲಿಸುವುದೇನೋ ಕಲಿಸಬಲ್ಲೆ, ಆದರೆ ಸರ್ಟಿಫಿಕೇಟು ಕೊಡಲಾರೆ, ಕಂಪನಿ ಕೆಲಸವನ್ನೂ ಕೊಡಲಾರೆ. ನಾಳೆ ಈ ವಿಷಯ ಹೊರಗೆ ಬಿದ್ದರೆ ನನ್ನ ಕೆಲಸಕ್ಕೂ ಸಂಚಕಾರ, ಅದು ನನಗೆ ಗೊತ್ತಿದೆ. ಆ ಅಕ್ಕತಂಗಿಯರಿಗೂ ಹೇಳಿ ಕಳಿಸಿದ್ದೇನೆ, ಸರ್ಟಿಫಿಕೇಟಿನ ಮೇಲೆ ಹೆಸರಿರುವವಳೇ ಇನ್ನು ದಿನಾ ಬರಬೇಕು, ಇನ್ನೊಬ್ಬಳು ಭಾನುವಾರ ನಮ್ಮ ಮನೆಗೆ ಬಂದು ಕಲಿಯಲಿ ಅಂತ. ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿದೆ, ಅಷ್ಟರಲ್ಲಿ ಏನಾದರೂ ದಾರಿ ಹುಡುಕಬೇಕು. ನಿನಗೆ ಸಿಟ್ಟು ಬಂದರೆ ಅದು ನ್ಯಾಯವೇ, ಎಲ್ಲವನ್ನೂ ನನ್ನ ತಲೆ ಮೇಲೇ ಹಾಕು, ಚೂಟಿಗೆ ಮಾತ್ರ ಏನೂ ಬರೆಯಬೇಡ. ಅವಳಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಗಾದರೂ ಹೇಳುತ್ತೇನೆ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸು, ಗಂಟೆ ಸ್ವಲ್ಪ ಮೆಲ್ಲಗೆ ಬಾರಿಸಲಿ ಅಂತಲೂ ತಿಳಿಸು. ಎಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಿಕೋ. ನಿನಗಿಂತ ಚಿಕ್ಕವಳು, ಹರಸುವ ಹಕ್ಕಿಲ್ಲ, ಆದರೂ ನೀನು ಸುಖವಾಗಿರಬೇಕು ಅಂತ ಮನಸಾರೆ ಬೇಡಿಕೊಳ್ಳುತ್ತಾ,

ನಿನ್ನ ತಂಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಚೂಟಿ ಬಂದಳು, ತಡೆದುಕೊಳ್ಳಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಒದ್ದೆ ಹೊದಿಕೆ ಹೆಗಲ ಮೇಲೆ ಹಾಗೇ ಇಟ್ಟುಕೊಂಡು ಪೂರ್ತಿ ಕೇಳಿದಳು. ರೇಗುತ್ತಾಳೆ ಅಂದುಕೊಂಡಿದ್ದೆ. ‘ನಾನೇ ಬಿಟ್ಟುಕೊಡ್ತಿದ್ನೇನೋ ಚಿಕ್ಕಮ್ಮಾ. ಇಲ್ಲಾ, ಬಿಡ್ತಿರಲಿಲ್ವೇನೋ. ಅದು ನನಗಾದ್ರೂ ಗೊತ್ತಾಗ್ಬೇಕಿತ್ತು. ನೀನು ನನ್ನ ಕೇಳ್ಲೇ ಇಲ್ಲ’ ಅಂದಳು. ಹೊದಿಕೆ ಹರವಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದಾಳೆ. ಗುರುವಾರದಿಂದ ಶನಿವಾರದ ತನಕ ಒಂದೇ ಮನೆಯಲ್ಲಿದ್ದೆವು, ಅವಳನ್ನು ಒಂದು ಮಾತು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ ಅಕ್ಕಾ. ಆ ಮಾತು ಕೇಳಿದಾಗಿನಿಂದ ನಮ್ಮಿಬ್ಬರದೇ ಹಳೆಯ ಕತೆ ನೆನಪಾಗುತ್ತಿದೆ. ಅಪ್ಪ ಅಂಗಡಿಯಲ್ಲಿ ಒಬ್ಬಳಿಗೆ ಮಾತ್ರ ಕೆಲಸ ಕಲಿಸುತ್ತೇನೆ ಅಂದಾಗ ನೀನಾಗಿಯೇ ನನಗೆ ಬಿಟ್ಟುಕೊಟ್ಟೆ ಅಂತ ಹೇಳಿದ್ದು ಅಪ್ಪ. ‘ನಿಮ್ಮಕ್ಕನಿಗೆ ದಬ್ಬಣ ಹಿಡಿಯೋ ಮನಸ್ಸಿಲ್ಲ’ ಅಂದಿದ್ದರು. ನಿನ್ನ ಬಾಯಿಂದ ನಾನು ಕೇಳಿದ್ದಲ್ಲ. ಮೂವತ್ತು ವರ್ಷ ಅದನ್ನು ನಂಬಿಕೊಂಡು ಆ ಜಾಗದಲ್ಲಿ ಕೂತು ಉಂಡಿದ್ದೇನೆ. ಕಾಗದ ಒಯ್ಯುವ ಡ್ರೈವರು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಬೈಯುವುದಿದ್ದರೆ ಆಮೇಲೆ ಬೈ, ಮೊದಲು ಇದೊಂದನ್ನು ಬರೆ. ಅವತ್ತು ನಿನ್ನನ್ನು ಯಾರಾದರೂ ಕೇಳಿದ್ದರಾ?